ಸ್ಮಾರ್ಟ್ ಟ್ರೈನರ್ ತರೋ ಮುಂಚೆ ಒಂದು ಒಳ್ಳೆ ಫ್ಯಾನ್ ತನ್ನಿ

"ಮನೆ ಮಹಡಿ ಹತ್ತಿದರೆ ನಂದಿ ಬೆಟ್ಟ ಕಾಣುತ್ತೆ, ನೀವು ಕೋಣೇಲಿ ಕೂತು ಸೈಕಲ್ ತುಳೀತೀರಾ?" ಚಿಕ್ಕಬಳ್ಳಾಪುರದಲ್ಲಿ ಸ್ಮಾರ್ಟ್ ಟ್ರೈನರ್, ಅಂದರೆ ಸೈಕಲನ್ನ ಮನೇಲೇ ನಿಲ್ಲಿಸಿ ತುಳಿಸೋ, ಕಾಲಿನ ಶಕ್ತಿಯನ್ನ ವಾಟಿನಲ್ಲಿ ಅಳೆಯೋ ಯಂತ್ರದ ಮಾತೆತ್ತಿದರೆ ಮೊದಲು ಬರೋ ಪ್ರಶ್ನೆ ಇದು. ಪ್ರಶ್ನೆಯಲ್ಲಿ ನ್ಯಾಯ ಇದೆ. ಆದರೆ ಭಾನುವಾರ ಸೂರ್ಯೋದಯ ನೋಡೋಕೆ ಬೆಂಗಳೂರಿಂದ ಹೊರಟ ಕಾರುಗಳ ಸಾಲಿನ ನಡುವೆ ಹತ್ತು ನಿಮಿಷ ಒಂದೇ ವಾಟ್ ಹಿಡಿದು ತುಳಿಯೋದು ಆಗದ ಮಾತು. ವಾರದ ದಿನಗಳಲ್ಲಿ, ಕತ್ತಲೆ ಇರುವಾಗಲೇ, ಹಿಂದೀಪ ಇಲ್ಲದ ಟ್ರ್ಯಾಕ್ಟರುಗಳ ಜೊತೆ ಹೆದ್ದಾರಿಗೆ ಇಳಿಯೋದೂ ಬೇಡ. ಮುಕ್ಕಾಲು ಗಂಟೆ ಅಳತೆ ಇಟ್ಟು ತುಳಿಯಬೇಕು ಅನ್ನೋರಿಗೆ ಈ ಯಂತ್ರ ಸರಿ. ಸುಮ್ಮನೆ ಸುತ್ತಾಡೋ ಖುಷಿಗೆ ಸೈಕಲ್ ಇಟ್ಟುಕೊಂಡವರು ದುಡ್ಡು ಉಳಿಸಿ.

ನನ್ನ ತಕರಾರು ಬೇರೆ. ಜನ ಅರ್ಧ ಲಕ್ಷ, ಒಂದು ಲಕ್ಷ ಸುರಿದು ಯಂತ್ರ ತರ್ತಾರೆ, ಸೀಲಿಂಗ್ ಫ್ಯಾನ್ ಕೆಳಗೆ ಇಡ್ತಾರೆ, ಇಪ್ಪತ್ತು ನಿಮಿಷಕ್ಕೆ ಬಸವಳಿದು "ಟ್ರೈನರ್ ವಾಟ್ ತಪ್ಪು ತೋರಿಸ್ತಿದೆ" ಅಂತಾರೆ. ಟ್ರೈನರ್ ಸರಿಯಾಗೇ ಇರುತ್ತೆ. ಮೈ ಕಾದಿರುತ್ತೆ.

ಲೆಕ್ಕ ನೋಡಿ. ಪೆಡಲಿಗೆ 200 ವಾಟ್ ಕೊಡೋವಾಗ ದೇಹ ಸುಮಾರು 700 ವಾಟ್ ಶಾಖ ಹುಟ್ಟಿಸುತ್ತೆ, ಯಾಕೆಂದರೆ ಸ್ನಾಯುಗಳ ದಕ್ಷತೆ ಶೇ. 20ರಿಂದ 25 ಅಷ್ಟೇ. ಹೆಚ್ಚುಕಮ್ಮಿ ಒಂದು ಇಸ್ತ್ರಿ ಪೆಟ್ಟಿಗೆಯ ಶಾಖ. ಗಂಟೆಗೆ ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 670 ವಾಟ್ ಶಾಖ ಹೊತ್ತೊಯ್ಯುತ್ತೆ. ನೆಲಕ್ಕೆ ತೊಟ್ಟಿಕ್ಕಿದ ಬೆವರು ಏನನ್ನೂ ಒಯ್ಯಲ್ಲ. ರಸ್ತೇಲಿ 30 ಕಿ.ಮೀ. ವೇಗದಲ್ಲಿ ಬೀಸೋ ಗಾಳಿ ಈ ಕೆಲಸ ಪುಕ್ಕಟೆ ಮಾಡಿಕೊಡುತ್ತೆ. ಕೋಣೇಲಿ ಅದನ್ನ ಫ್ಯಾನೇ ಮಾಡಬೇಕು. ಸೀಲಿಂಗ್ ಫ್ಯಾನ್ ಬೆನ್ನಿನ ಮೇಲೆ ಮಾತ್ರ ಬೀಸುತ್ತೆ. ಮುಂದೆ ಬಾಗಿ ಕೂತ ಎದೆಗೂ ಮುಖಕ್ಕೂ ಗಾಳಿ ತಾಗಲ್ಲ. ಜೋರಾಗಿ ಬೀಸೋ ಪೆಡೆಸ್ಟಲ್ ಫ್ಯಾನನ್ನ ಮುಂದೆ ಒಂದೂವರೆ ಮೀಟರ್ ದೂರದಲ್ಲಿ, ಎದೆ ಎತ್ತರಕ್ಕೆ ನಿಲ್ಲಿಸಿ. ಏಪ್ರಿಲ್, ಮೇನಲ್ಲಿ ಇನ್ನೊಂದು ಫ್ಯಾನ್ ಪಕ್ಕದಿಂದ ಇರಲಿ. ಕಿಟಕಿ ತೆರೆದಿರಲಿ, ಇಲ್ಲದಿದ್ದರೆ ಅರ್ಧ ಗಂಟೇಲಿ ಕೋಣೆ ಹಬೆಮನೆ. ನಮ್ಮೂರಿನ ಪುಣ್ಯ, ಬೇಸಿಗೇಲೂ ಬೆಳಗಿನ ಜಾವ ತಂಪು. ಐದೂವರೆಗೆ ಹತ್ತಿ.

ತುಳಿಯೋಕೆ ಮುಂಚೆ, ಆಮೇಲೆ ಬರಿಮೈ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ, ಕುಡಿದಿದ್ದಕ್ಕಿಂತ ಒಂದು ಲೀಟರ್ ಹೆಚ್ಚು ಬೆವರು ಹೋಗಿದೆ ಅಂತ. ಮುಕ್ಕಾಲು ಲೀಟರ್ ನೀರಿಗೆ ಅರ್ಧ ನಿಂಬೆಹಣ್ಣು, ಕಾಲು ಚಮಚ ಉಪ್ಪು, ಎರಡು ಚಮಚ ಸಕ್ಕರೆ ಸಾಕು. ಮಜ್ಜಿಗೆ ಆಮೇಲೆ ಕುಡೀರಿ, ಇಂಟರ್ವಲ್ (ಜೋರಾಗಿ ತುಳಿಯೋ ಸುತ್ತು) ನಡುವೆ ಹೊಟ್ಟೇಲಿ ಕುಲುಕುತ್ತೆ.

ಈಗ ಯಂತ್ರ. ಹಿಂದಿನ ಟೈರನ್ನ ರೋಲರಿಗೆ ಒತ್ತೋ ವೀಲ್-ಆನ್ ಟ್ರೈನರ್ ಅಗ್ಗ, ಆದರೆ ಟೈರ್ ಸವೆಯುತ್ತೆ, ಜಾರುತ್ತೆ. ಟೈರ್ ಬಿಸಿಯಾದಂತೆ ವಾಟ್ ಲೆಕ್ಕ ಅತ್ತಿತ್ತ ಆಗುತ್ತೆ. ಹಾಗಾಗಿ ಪ್ರತಿ ಸಲ ಗಾಳಿ ಒಂದೇ ಮಟ್ಟಕ್ಕೆ ತುಂಬಿ, ಹತ್ತು ನಿಮಿಷ ತುಳಿದು ಬಿಸಿ ಮಾಡಿದ ಮೇಲೇ ಸ್ಪಿನ್‌ಡೌನ್ (ಚಕ್ರವನ್ನ ಜೋರಾಗಿ ತಿರುಗಿಸಿ ಬಿಟ್ಟು, ಯಂತ್ರದ ಅಳತೆ ಸರಿಮಾಡಿಕೊಳ್ಳೋ ಪರೀಕ್ಷೆ) ಮಾಡಬೇಕು. ಗುಬುಟು ಗುಬುಟಾದ ಮೌಂಟನ್ ಬೈಕ್ ಟೈರ್ ಇದಕ್ಕೆ ಆಗಲ್ಲ. ಹಿಂದಿನ ಚಕ್ರ ಬಿಚ್ಚಿ ಕೂರಿಸೋ ಡೈರೆಕ್ಟ್ ಡ್ರೈವ್‌ಗೆ ಈ ರಗಳೆ ಇಲ್ಲ. ನನ್ನ ಮತ ಅದಕ್ಕೇ.

ಅಲ್ಲಿ ಎಡವೋದು ಕ್ಯಾಸೆಟ್‌ನಲ್ಲಿ, ಅಂದರೆ ಹಿಂದಿನ ಗೇರಿನ ಹಲ್ಲುಚಕ್ರಗಳ ಗೊಂಚಲಿನಲ್ಲಿ. ಎಷ್ಟೋ ಟ್ರೈನರುಗಳಲ್ಲಿ 11 ಸ್ಪೀಡಿನ ಫ್ರೀಹಬ್ (ಕ್ಯಾಸೆಟ್ ಕೂರೋ ಕೊಳವೆ) ಇರುತ್ತೆ. ಅದಕ್ಕೆ 8, 9 ಸ್ಪೀಡ್ ಕ್ಯಾಸೆಟ್ ಹಾಕೋದಾದರೆ ಹಿಂದೆ 1.85 ಮಿ.ಮೀ. ಸ್ಪೇಸರ್ (ಜಾಗ ತುಂಬೋ ಬಳೆ) ಬೇಕೇ ಬೇಕು. ಇಲ್ಲಾಂದ್ರೆ ಕ್ಯಾಸೆಟ್ ಹಿಡಿದಿಡೋ ಲಾಕ್‌ರಿಂಗ್ ಎಷ್ಟೇ ಬಿಗಿ ಮಾಡಿದರೂ ಹಲ್ಲುಚಕ್ರಗಳು ಅಲ್ಲಾಡ್ತವೆ. ನಮ್ಮ ಕಡೆ ಹೆಚ್ಚಾಗಿರೋ 7 ಸ್ಪೀಡ್ ಹೈಬ್ರಿಡ್ ಸೈಕಲ್ಲಿಗೆ ಇದರ ಜೊತೆ ಇನ್ನೊಂದು 4.5 ಮಿ.ಮೀ. ಸ್ಪೇಸರ್ ಹಾಕಿ. ಲಾಕ್‌ರಿಂಗ್ 40 ನ್ಯೂಟನ್ ಮೀಟರ್, ಅಂದರೆ ಗಟ್ಟಿಯಾಗೇ. ಹೈಬ್ರಿಡ್‌ನ ಹಿಂದಿನ ಚಕ್ರ ಕೂರೋ ಜಾಗದ ಅಗಲ ಸಾಮಾನ್ಯವಾಗಿ 135 ಮಿ.ಮೀ., ರೋಡ್ ಬೈಕಿನ ಹಳೇ ಅಳತೆ 130. ಟ್ರೈನರಿನ ಆಕ್ಸಲ್ ಅಡಾಪ್ಟರ್ ಆ ಅಳತೆಗೆ ಸರಿಯಾಗಿದೆಯಾ ನೋಡಿಕೊಳ್ಳಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಬಿಚ್ಚಿದ ಕೂಡಲೇ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ಸ್ಪೇಸರ್ ತೂರಿಸಿ. ಮನೇಲಿರೋ ಮಕ್ಕಳು ಬ್ರೇಕ್ ಹಿಡಿಕೆ ಎಳೆಯದೇ ಬಿಡಲ್ಲ. ಎಳೆದರೆ ಪಿಸ್ಟನ್ ಹೊರಬಂದು ಪ್ಯಾಡ್ ಕಚ್ಚಿಕೊಳ್ಳುತ್ತೆ.

ಕರೆಂಟಿನ ವಿಷಯ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಇಂಟರ್ವಲ್ ಮಧ್ಯೆ ಕರೆಂಟ್ ಹೋದರೆ ಬಹಳಷ್ಟು ಟ್ರೈನರುಗಳಲ್ಲಿ ಅಯಸ್ಕಾಂತದ ಪ್ರತಿರೋಧ ತಟ್ಟನೆ ಮಾಯ, ಕಾಲು ಗಾಳೀಲಿ ತಿರುಗುತ್ತೆ, ಮಂಡಿಗೆ ಜರ್ಕ್. ಟ್ಯಾಕ್ಸ್ ನಿಯೋ ಥರದ ಕೆಲವು ಮಾತ್ರ ಕರೆಂಟ್ ಇಲ್ಲದೇ ನಡೀತವೆ. ಪರಿಹಾರ ಮನೇಲೇ ಇರುತ್ತೆ, ಇನ್ವರ್ಟರ್. ಆದರೆ ನಮ್ಮ ಮನೆಗಳಲ್ಲಿ ಇನ್ವರ್ಟರ್ ಲೈನ್ ದೀಪಕ್ಕೆ, ಫ್ಯಾನಿಗೆ ಎಳೆದಿರ್ತಾರೆ, ಪ್ಲಗ್ ಪಾಯಿಂಟಿಗೆ ಇರಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಆ ಕೋಣೆಯ ಒಂದು ಸಾಕೆಟ್ಟಿಗೆ ಎಳೆಸಿ. ಟ್ರೈನರ್ ಅಡಾಪ್ಟರ್ 12 ವೋಲ್ಟ್ 5 ಆಂಪಿಯರ್ ಅಂತಿದ್ದರೆ ಗರಿಷ್ಠ 60 ವಾಟ್, ಫ್ಯಾನ್ ಸೇರಿಸಿದರೂ 120ರ ಆಸುಪಾಸು. 150 ಎಎಚ್ ಬ್ಯಾಟರಿಗೆ ಇದು ಭಾರವೇ ಅಲ್ಲ. ಸೈನ್ ವೇವ್ ಇನ್ವರ್ಟರ್ ಇರಲಿ. ಸ್ಕ್ವೇರ್ ವೇವ್ ಆದರೆ ಫ್ಯಾನ್ ಗುಂಯ್ ಅನ್ನುತ್ತೆ, ಗಾಳಿಯೂ ಕಮ್ಮಿ. ವೈಫೈ ನಂಬಲೇಬೇಕಂತಿಲ್ಲ: ಟ್ರೈನರನ್ನ ನಿಯಂತ್ರಿಸೋ ಸೈಕಲ್ ಕಂಪ್ಯೂಟರ್ ಇದ್ದರೆ ವರ್ಕೌಟ್ ಇಂಟರ್ನೆಟ್ ಇಲ್ಲದೇ ನಡೆಯುತ್ತೆ. ಪರದೆಯಲ್ಲಿ ಜಗತ್ತು ಸುತ್ತಬೇಕು ಅನ್ನೋರಿಗೆ ಮೈವೂಶ್ ಆ್ಯಪ್ ಉಚಿತ, ಜ್ವಿಫ್ಟ್ ಆ್ಯಪ್‌ಗೆ ಚಂದಾ.

ಎರ್ಗ್ ಮೋಡ್ ಬಗ್ಗೆ ಒಂದು ಮಾತು: ನೀವು ಎಷ್ಟೇ ವೇಗವಾಗಿ ತುಳಿದರೂ ವಾಟ್ ಒಂದೇ ಇರೋ ಹಾಗೆ ಯಂತ್ರವೇ ಪ್ರತಿರೋಧ ಬದಲಿಸೋ ವಿಧಾನ ಅದು. ವಾಟ್ ಅಂದರೆ ತಿರುಚುಬಲ ಗುಣಿಸು ವೇಗ. 200 ವಾಟನ್ನ ನಿಮಿಷಕ್ಕೆ 90 ಸುತ್ತಿನಲ್ಲಿ ತುಳಿದರೆ 21 ನ್ಯೂಟನ್ ಮೀಟರ್, 60 ಸುತ್ತಿಗೆ ಇಳಿದರೆ 32. ಸುಸ್ತಾಗಿ ಕಾಲು ನಿಧಾನವಾದಷ್ಟೂ ಯಂತ್ರ ಇನ್ನಷ್ಟು ಬಿಗಿಯುತ್ತೆ, ಕೊನೆಗೆ ಪೆಡಲ್ ನಿಂತೇ ಹೋಗುತ್ತೆ. ಆಗ ಜಿದ್ದಿಗೆ ಬೀಳಬೇಡಿ. ವರ್ಕೌಟ್ ತಡೆದು, ಕಾಲಿನ ವೇಗವನ್ನ ನಿಮಿಷಕ್ಕೆ 95 ಸುತ್ತಿಗೆ ಏರಿಸಿ, ಮತ್ತೆ ಶುರು ಮಾಡಿ. ಪದೇ ಪದೇ ಹೀಗಾದರೆ ನಿಮ್ಮ ಎಫ್‌ಟಿಪಿ ಸಂಖ್ಯೆಯೇ ಹೆಚ್ಚು, ಅಂದರೆ ಸುಮಾರು ಒಂದು ಗಂಟೆ ಹಿಡಿಯಬಲ್ಲ ವಾಟನ್ನ ಜಾಸ್ತಿ ಅಂದಾಜು ಮಾಡಿದ್ದೀರಿ. ರ‍್ಯಾಂಪ್ ಟೆಸ್ಟಿನ (ಸುಸ್ತಾಗಿ ನಿಲ್ಲೋ ತನಕ ವಾಟ್ ಏರಿಸುತ್ತಾ ಹೋಗೋ ಪರೀಕ್ಷೆ) ಕೊನೆಯ ಉತ್ತಮ ಒಂದು ನಿಮಿಷದ ಶೇ. 75 ಅನ್ನೋ ಲೆಕ್ಕ ಸ್ಪ್ರಿಂಟ್ ಶಕ್ತಿ ಇರೋರನ್ನ ಉಬ್ಬಿಸುತ್ತೆ. ಅಂಥವರು 20 ನಿಮಿಷದ ಟೆಸ್ಟ್ ಮಾಡಿ ಅದರ ಶೇ. 95 ಹಿಡೀಲಿ. ಹೊಸಬರಿಗೆ ವಾರಕ್ಕೆರಡು ದಿನ, ಹತ್ತು ಹತ್ತು ನಿಮಿಷದ ಮೂರು ಸುತ್ತು, ಎಫ್‌ಟಿಪಿಯ ಶೇ. 88ರಲ್ಲಿ, ನಡುವೆ ಐದು ನಿಮಿಷ ಬಿಡುವು. 15 ಸೆಕೆಂಡಿನ ಸ್ಪ್ರಿಂಟಿಗೆ ಎರ್ಗ್ ಬೇಡ, ಅದು ಎಚ್ಚೆತ್ತುಕೊಳ್ಳೋಷ್ಟರಲ್ಲಿ ಸ್ಪ್ರಿಂಟ್ ಮುಗಿದಿರುತ್ತೆ.

ಹ್ಯಾಂಡಲ್ ಮೇಲೆ, ಹೆಡ್‌ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್) ಮೇಲೆ ಟವೆಲ್ ಹೊದಿಸಿ. ಬೆವರಿನ ಉಪ್ಪು ಬಾರ್ ಟೇಪ್ ಅಡಿಯಲ್ಲಿ ಅಲ್ಯೂಮಿನಿಯಂ ತಿನ್ನೋದು ಟೇಪ್ ಬಿಚ್ಚೋ ತನಕ ಗೊತ್ತೇ ಆಗಲ್ಲ. ಕೆಳಗೆ ಜಮಖಾನೆ ಬೇಡ, ರಬ್ಬರ್ ಮ್ಯಾಟ್ ಹಾಸಿ. ಕೆಳಮನೆಯವರಿಗೂ ನಿದ್ದೆ ಬರಲಿ.

ಯಂತ್ರದ ವಾಟ್ ಮೇಲೆ ಇನ್ನೂ ಅನುಮಾನವೇ? ಅದಕ್ಕೆ ಬೆಟ್ಟವೇ ತಕ್ಕಡಿ. ಗಾಳಿ ಇಲ್ಲದ ದಿನ, ವಾರದ ನಡುವೆ, ನಂದಿ ಏರಿನಲ್ಲಿ 300 ಮೀಟರ್ ಎತ್ತರ ಏರೋ ಭಾಗ ಆರಿಸಿ. ನೀವು, ಸೈಕಲ್, ನೀರಿನ ಬಾಟಲಿ ಸೇರಿ 80 ಕೆ.ಜಿ. ಅಂದುಕೊಳ್ಳಿ. 80 ಗುಣಿಸು 9.81 ಗುಣಿಸು 300, ಅದನ್ನ ಹಿಡಿದ ಸೆಕೆಂಡುಗಳಿಂದ ಭಾಗಿಸಿ. 22 ನಿಮಿಷ ಹಿಡಿದರೆ 178 ವಾಟ್. ಟೈರಿನ ಘರ್ಷಣೆ, ಗಾಳಿ, ಚೈನಿನ ನಷ್ಟಕ್ಕೆ ಇನ್ನೊಂದು 30 ಸೇರಿಸಿ. ಮನೇಲಿ ಅಷ್ಟೇ ಶ್ರಮಕ್ಕೆ, ಅಷ್ಟೇ ಎದೆಬಡಿತಕ್ಕೆ ಟ್ರೈನರ್ 150 ತೋರಿಸಿದರೆ ಮೊದಲು ಫ್ಯಾನ್ ನೋಡಿ, ಆಮೇಲೆ ಸ್ಪಿನ್‌ಡೌನ್ ಮಾಡಿ. ಹೊರಗೆ ಒಯ್ಯೋ ದಿನ ಹಿಂದಿನ ಚಕ್ರ ಹಾಕಿದ ಮೇಲೆ ಗೇರ್, ಬ್ರೇಕ್ ಎರಡನ್ನೂ ಮನೆ ಮುಂದಿನ ರಸ್ತೇಲೇ ಪರೀಕ್ಷಿಸಿ. ಬ್ರೇಕ್ ಪ್ಯಾಡ್ ನಡುವಿನ ಆ ಪ್ಲಾಸ್ಟಿಕ್ ತುಂಡನ್ನ ಬಿಸಾಕಬೇಡಿ, ಮತ್ತೆ ಬೇಕಾಗುತ್ತೆ.