ಒಂಟಿಕಾಲಿನ ತಪಸ್ಸು, ಅರವತ್ತು ಸೆಕೆಂಡು

ಹಿಂದೆ ಒಂದನೇ ಕ್ಲಾಸಿನ ಹುಡುಗನನ್ನು ಒಂಟಿಕಾಲಲ್ಲಿ ನಿಲ್ಲಿಸಿದರೆ ಅದು ಶಿಕ್ಷೆ. ಮಕ್ಕಳ ಮೈಗೆ ಶಿಕ್ಷೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿತು. ಈಗಲೂ ಅದೇ ಹುಡುಗ ಅದೇ ಕಾಲಿನ ಮೇಲೆ ನಿಲ್ಲುತ್ತಾನೆ. ಮೇಷ್ಟ್ರ ಕೈಯಲ್ಲಿ ಬೆತ್ತ ಇದ್ದಲ್ಲಿ ಸ್ಟಾಪ್‌ವಾಚ್ ಬಂದಿದೆ, ಅಷ್ಟೇ. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾದ ಶಾಲಾ ಫಿಟ್‌ನೆಸ್ ಪರೀಕ್ಷೆಯಲ್ಲಿ ಇದಕ್ಕೆ ಫ್ಲೆಮಿಂಗೊ ಬ್ಯಾಲೆನ್ಸ್ ಟೆಸ್ಟ್ ಅಂತ ಹೆಸರು. ಫ್ಲೆಮಿಂಗೊ ಅಂದರೆ ರಾಜಹಂಸ. ನಮ್ಮಲ್ಲಿ ರಾಜಹಂಸ ಅಂದರೆ ಆರು ಚಕ್ರದ ಮೇಲೆ ನಿಲ್ಲುವ ಬಸ್ಸು. ಒಂಟಿಕಾಲಿನ ವಹಿವಾಟೆಲ್ಲ ಕೊಕ್ಕರೆಯದು.

ಪರೀಕ್ಷೆಯ ಮೇಲೆ ನಮಗೇನೂ ಸಿಟ್ಟಿಲ್ಲ. 50 ಸೆಂ.ಮೀ. ಉದ್ದ, 5 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲದ ಮರದ ಪಟ್ಟಿ. ಬರಿಗಾಲಲ್ಲಿ ಅದರ ಮೇಲೆ ನಿಂತು, ಇನ್ನೊಂದು ಕಾಲನ್ನು ಮಂಡಿಯಲ್ಲಿ ಮಡಚಿ ಹಿಂದಕ್ಕೆ ಹಿಡಿಯಬೇಕು. ಬಿದ್ದಾಗ ಗಡಿಯಾರ ನಿಲ್ಲಿಸಿ, ಮತ್ತೆ ಹತ್ತಿದಾಗ ಓಡಿಸಿ, 60 ಸೆಕೆಂಡು ತುಂಬುವುದರೊಳಗೆ ಎಷ್ಟು ಸಲ ಬಿದ್ದ ಅಂತ ಎಣಿಸುವುದು. ಪಟ್ಟಿ ಎಲ್ಲಿದೆ? ಸ್ಟೋರ್ ರೂಮಿನಲ್ಲಿ. ಬೀಗದ ಕೈ ಎಲ್ಲಿದೆ? ಟ್ರೇನಿಂಗಿಗೆ ಹೋದವರ ಜೇಬಿನಲ್ಲಿ. ಹಾಗಾಗಿ ಇಟ್ಟಿಗೆ ಬರುತ್ತದೆ. ಹತ್ತು ಸೆಂ.ಮೀ. ಅಗಲದ ಇಟ್ಟಿಗೆಯ ಮೇಲೆ ಶೂ ಹಾಕಿಕೊಂಡು ಯಾರು ಬೀಳುತ್ತಾರೆ? ಇಡೀ ಕ್ಲಾಸು ರಾಜಹಂಸ.

ಮುಂದಿನದು ಪ್ಲೇಟ್ ಟ್ಯಾಪಿಂಗ್, ಅಂದರೆ ತಟ್ಟೆ ತಟ್ಟುವುದು. 2020ರ ಮಾರ್ಚ್ 22ರಂದು ದೇಶವೇ ಇದರ ರಿಹರ್ಸಲ್ ಮಾಡಿ ಮುಗಿಸಿದೆ. ಮೇಜಿನ ಮೇಲೆ 20 ಸೆಂ.ಮೀ. ವ್ಯಾಸದ ಎರಡು ಬಿಲ್ಲೆ, ನಡುವಿನಿಂದ ನಡುವಿಗೆ 60 ಸೆಂ.ಮೀ. ರೂಢಿಯಿಲ್ಲದ ಕೈಯನ್ನು ಮಧ್ಯದ ಆಯತದ ಮೇಲಿಟ್ಟು, ಇನ್ನೊಂದು ಕೈಯನ್ನು ಅದರ ಮೇಲಿಂದ ಅತ್ತಿತ್ತ ಹಾಯಿಸಿ 25 ಸುತ್ತು, ಅಂದರೆ 50 ತಟ್ಟು. ಮೇಜು ಮಗುವಿನ ಹೊಕ್ಕುಳಿನ ಮಟ್ಟಕ್ಕಿರಬೇಕು. ಸಿಗುವುದು ಹೆಡ್‌ಮಾಸ್ಟರ ಮೇಜು, ಅದು ಒಂದನೇ ಕ್ಲಾಸಿನವಳಿಗೆ ಎದೆಯುದ್ದ. ತೋಳೆತ್ತಿ ತಟ್ಟಿ ತಟ್ಟಿ ಹೆಗಲು ಸೋಲುತ್ತದೆ, ಕೈ ನಿಧಾನವಾಗುತ್ತದೆ. ಹಾಳೆಯಲ್ಲಿ ಬೀಳುವ ಷರಾ ಮಾತ್ರ ‘ಚುರುಕು ಸಾಲದು’. ಮೇಜಿಗೆ ಮಾರ್ಕ್ಸ್ ಕೊಡುವ ಕಾಲಂ ಇಲ್ಲವಲ್ಲ.

ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಸುಲಭ ಅನ್ನಬೇಡಿ. 20 ಕೆ.ಜಿ., 112 ಸೆಂ.ಮೀ. ಇರುವ ಮಗುವಿಗೆ ಸುಮಾರು 16 ಬರುತ್ತದೆ. ಆ್ಯಪಿನಲ್ಲಿ 112 ಒತ್ತುವಾಗ ಬೆರಳು ಜಾರಿ 102 ಆದರೆ 19 ದಾಟುತ್ತದೆ. ಮಗು ಕೂತಲ್ಲೇ ದಪ್ಪಗಾಯಿತು. ಸಂಜೆ ಅಮ್ಮ ತುಪ್ಪದ ಡಬ್ಬಿ ಅಟ್ಟಕ್ಕೇರಿಸುತ್ತಾಳೆ.

ನಾಲ್ಕನೇ ಕ್ಲಾಸಿಗೆ ಬಂದರೆ 600 ಮೀಟರ್ ಓಟ. ಅಂಗಳ 20 ಮೀಟರ್ ಉದ್ದ, 10 ಮೀಟರ್ ಅಗಲ ಅಂದುಕೊಳ್ಳಿ (ಪಾರ್ಕಿಂಗ್ ಬಿಟ್ಟು ಇಷ್ಟು ಉಳಿದರೆ ಪುಣ್ಯ). ಒಂದು ಸುತ್ತು 60 ಮೀಟರ್, ಹತ್ತು ಸುತ್ತಿಗೆ ನಲವತ್ತು ಮೂಲೆ. ಪ್ರತಿ ಮೂಲೆಯಲ್ಲೂ ಬ್ರೇಕು, ತಿರುವು, ಮತ್ತೆ ಮೊದಲಿಂದ ವೇಗ. ಏಳನೇ ಸುತ್ತೋ ಎಂಟನೆಯದೋ ಅಂತ ಎಣಿಸುವವರಿಗೇ ಜಗಳ. ಕೊನೆಗೆ ಬರೆದುಕೊಂಡದ್ದು ಮಗುವಿನ ದಮ್ಮು. 50 ಮೀಟರ್ ಓಟ ಬೇರೆ ಇದೆ. ಅದು ಕಾಂಪೌಂಡ್ ಗೋಡೆಯಾಚೆ ಮುಗಿಯಬೇಕು.

ಇಷ್ಟೆಲ್ಲ ಅಳೆಯುತ್ತೇವಲ್ಲ, ಅದನ್ನು ಮಗು ಕಲಿತದ್ದಾದರೂ ಯಾವಾಗ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷ, ಉಸಿರು ಏರುವಂಥ ಆಟ. ನಮ್ಮ ಪಿ.ಟಿ. ಪೀರಿಯಡ್ಡು 40 ನಿಮಿಷ, ಗಣಿತದವರು ಕಡ ಕೇಳದ ವಾರಗಳಲ್ಲಿ. ಸಾಲು ಕಟ್ಟಿಸಿ ‘ಒಂದು ಕೈ ಅಂತರ’ ಮಾಡಿಸಲು 8, ಕೈಕಾಲು ತೊಳೆದು ಒಳಗೆ ಹೋಗಲು 7. ಉಳಿದ 25 ನಿಮಿಷಕ್ಕೆ ಐವತ್ತು ಮಕ್ಕಳು, ಒಂದು ಚೆಂಡು. ತಲೆಗೆ ಅರ್ಧ ನಿಮಿಷ. ಎಸೆಯುವುದು, ಹಿಡಿಯುವುದು, ಕುಪ್ಪಳಿಸುವುದು ವಯಸ್ಸಾದಂತೆ ತಾನಾಗಿ ಬರುವ ಮೀಸೆಯಲ್ಲ. ನೂರಾರು ಸಲ ಮಾಡಿ, ತಪ್ಪಿ, ಯಾರಾದರೂ ತೋರಿಸಿಕೊಟ್ಟರೆ ಕೂರುತ್ತದೆ. ಹಳೇ ಬಟ್ಟೆಯ ಹತ್ತು ಉಂಡೆ ಸುತ್ತಿ, ಐದೈದು ಮಕ್ಕಳಿಗೆ ಒಂದೊಂದು ಕೊಟ್ಟರೆ ಅರ್ಧ ನಿಮಿಷ ಐದಾಗುತ್ತದೆ. ಅದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ, ಅದೇ ತೊಡಕು.

ಕುಂಟೆಬಿಲ್ಲೆಯಲ್ಲಿ ಇವೆಲ್ಲ ಪುಕ್ಕಟೆಯಾಗಿ ಇದ್ದವು. ಬಿಲ್ಲೆ ಎಸೆಯಲು ಗುರಿ, ಮನೆಯಿಂದ ಮನೆಗೆ ಕುಂಟಲು ಮೀನಖಂಡ, ಒಂಟಿಕಾಲಲ್ಲೇ ಬಗ್ಗಿ ಬಿಲ್ಲೆ ಎತ್ತಲು ಸಮತೋಲ. ಸೀಮೆಸುಣ್ಣ ನೆಲ ಕೆಡಿಸುತ್ತದೆ ಅಂತ ನಿಲ್ಲಿಸಿದೆವು. ಮರಕೋತಿ ಆಡಲು ಮರವೇ ಇಲ್ಲ. ಕೊಂಬೆಗೆ ಜೋತುಬಿದ್ದು ಗಟ್ಟಿಯಾಗಬೇಕಿದ್ದ ಹೆಗಲು ಗಟ್ಟಿಯಾಗದೆ ಪೆನ್ಸಿಲ್ ನಡುಗಿದರೆ, ತಿಂಗಳ ಫೀಸು ಕೊಟ್ಟು ಹ್ಯಾಂಡ್‌ರೈಟಿಂಗ್ ಕ್ಲಾಸಿಗೆ ಕೂರಿಸುತ್ತೇವೆ.

ಪರೀಕ್ಷೆಯ ದಿನ ಮಧ್ಯಾಹ್ನ ಸರ್ವರ್ ಸುತ್ತುತ್ತಿರುತ್ತದೆ. ಮೇಷ್ಟ್ರು ಸಿಗ್ನಲ್‌ಗಾಗಿ ಮೆಟ್ಟಿಲ ತುದಿಯಲ್ಲಿ ಫೋನ್ ಎತ್ತಿ ಹಿಡಿದು ನಿಂತಿರುತ್ತಾರೆ, ಹೆಚ್ಚುಕಡಿಮೆ ಒಂಟಿಕಾಲಲ್ಲಿ. ಹಿಂದೆ ವರಾಂಡದ ಸಾಲಿನಲ್ಲಿ ನಿಂತು ಬೇಸತ್ತ ಹುಡುಗಿಯೊಬ್ಬಳು ನೆಲದ ಟೈಲ್ಸಿನ ಒಂದು ಚೌಕದಿಂದ ಇನ್ನೊಂದಕ್ಕೆ, ಗೆರೆ ತುಳಿಯದೆ, ಕುಂಟುತ್ತ ಹೊರಡುತ್ತಾಳೆ. ಒಂದು, ಎರಡು, ಐದು ಚೌಕ. ಮೇಷ್ಟ್ರು ತಿರುಗಿ ನೋಡುತ್ತಾರೆ.

“ಏಯ್, ಏನದು ಮಂಗನಾಟ? ಎರಡೂ ಕಾಲೂರಿ ನೆಟ್ಟಗೆ ನಿಂತ್ಕೊ!”