ಸಾಹೇಬರ ಸದನದ ಸಾಧನೆ

ನಮ್ಮ ಶಾಸಕರ ಆಪ್ತ ಸಹಾಯಕ ಫೋನ್ ಮಾಡಿದ್ದ. ಸಾಹೇಬರು 6 ಸಲ ಗೆದ್ದ ಖುಷಿಗೆ ಅಭಿನಂದನ ಗ್ರಂಥ ತರುತ್ತಿದ್ದಾರಂತೆ. "ನೀವು ಪೇಪರಿಗೆ ಬರೆಯೋರು ಸರ್. 'ಸಾಹೇಬರ ಸದನದ ಸಾಧನೆ' ಅಂತ ನಾಲ್ಕು ಪುಟ ಬರ್ಕೊಡಿ, ಫೋಟೋ ನಾವೇ ಹಾಕ್ಕೋತೀವಿ." ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ, ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬರುವುದೇ ಈ ಹುಡುಗನ ಒಂದು ಫೋನಿನಿಂದ. ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಸಾಹೇಬರಿಗೆ 'ಆಧುನಿಕ ಭಗೀರಥ' ಎಂಬ ಬಿರುದಿದೆ. ಗಂಗೆ ಟ್ಯಾಂಕರಿನಲ್ಲಿ ಬಂದಳೆಂದು ಬರೆಯಲು ಪುರಾಣದವರು ಮರೆತಿರಬೇಕು.

ಆ ಫ್ಲೆಕ್ಸನ್ನು ನೀವೂ ನೋಡಿರುತ್ತೀರಿ, ಎಲ್ಲ ಊರಲ್ಲೂ ಒಂದೇ. ಕೈಮುಗಿದು ನಿಂತವರಿಗೆ ನಲವತ್ತೈದು ವಯಸ್ಸು, ಕೂದಲು ಕಾಡಿಗೆಯಷ್ಟು ಕಪ್ಪು. ಕೆಳಗೆ '70ನೇ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು'. ಪಕ್ಕದಲ್ಲಿರುವ 'ಯುವ ನಾಯಕ', ಅಂದರೆ ಮಗ, ಅಪ್ಪನಿಗಿಂತ ಐದು ವರ್ಷ ಹಿರಿಯನಂತೆ ಕಾಣುತ್ತಾನೆ. ಟಿಕೆಟ್ಟಿಗೆ ಕಾದು ಕಾದು ಹಾಗಾಗಿದ್ದಾನೆ, ಪಾಪ.

ಜೀವನಚರಿತ್ರೆಯ ಭಾಗ ಬರೆಯುವುದು ಸುಲಭವಾಯಿತು. ಸಾಹೇಬರು ಚಕ್ರ ಹಿಡಿದು ಬಂದರು, ಆಮೇಲೆ ಕೈ ಹಿಡಿದರು, ತೆನೆ ಹೊತ್ತರು, ಸದ್ಯಕ್ಕೆ ಕಮಲ ಮುಡಿದಿದ್ದಾರೆ. ಪ್ರತಿ ಸಲವೂ 'ಕ್ಷೇತ್ರದ ಅಭಿವೃದ್ಧಿಗಾಗಿ', ಪ್ರತಿ ಸಲವೂ 'ಕಾರ್ಯಕರ್ತರ ಒತ್ತಾಯದ ಮೇರೆಗೆ'. ಪಕ್ಷಾಂತರ ನಿಷೇಧ ಕಾಯ್ದೆ ಬಂದು 1985ರಿಂದ ಇಲ್ಲೇ ಇದೆ, ಇವರ ಕೂದಲೂ ಕೊಂಕಿಲ್ಲ. ಹಾರುವುದನ್ನೆಲ್ಲ ಟಿಕೆಟ್ ಹಂಚುವ ತಿಂಗಳಿಗೇ ಇಟ್ಟುಕೊಂಡವರು. 2019ರಲ್ಲಿ ಮುಂಬೈ ಹೋಟೆಲಿನ ಬಂಡಾಯದ ನಂತರ 17 ಶಾಸಕರು ಅನರ್ಹರಾದರಲ್ಲ, ಆ ಪಟ್ಟಿಯಲ್ಲೂ ಇವರಿರಲಿಲ್ಲ. ನಾನು 'ತತ್ವನಿಷ್ಠೆ' ಎಂದು ಬರೆದುಕೊಂಡಿದ್ದೆ. ಡ್ರೈವರ್ ತಿದ್ದಿದ: "ಸೂಟ್‌ಕೇಸು ಎರಡು ದಿನ ಡಿಕ್ಕೀಲೇ ಇತ್ತು ಸಾರ್. ಮುಂಬೈಯಿಂದ ಯಾರೂ ಕರೀಲಿಲ್ಲ."

ಇನ್ನು ಆ ಗುದ್ದಲಿಯ ವಿಷಯ. ಜೀಪಿನ ಹಿಂದಿನ ಸೀಟಿನಲ್ಲಿ ಅದಕ್ಕೆಂದೇ ಒಂದು ಟವೆಲ್ ಹಾಸಿದ್ದಾರೆ. ಹಿಡಿಗೆ ಅರಿಶಿನ ಕುಂಕುಮ, ಕುತ್ತಿಗೆಗೆ ಬಾಡಿದ ಚೆಂಡುಹೂವಿನ ಹಾರ, ಅಲಗು ಮಾತ್ರ ಅಂಗಡಿಯಿಂದ ತಂದ ದಿನದಷ್ಟೇ ಫಳಫಳ. ಯಾವ ನೆಲಕ್ಕೂ ಎರಡನೇ ಏಟು ಹಾಕಿದ್ದಿಲ್ಲ. ನಮ್ಮೂರ ಹಳ್ಳಕ್ಕೆ ಸೇತುವೆ ಕಟ್ಟಲು ಇದೇ ಗುದ್ದಲಿಯಲ್ಲಿ ಮೂರು ಸಲ ಪೂಜೆಯಾಗಿದೆ. ಮೂರು ಶಂಕುಸ್ಥಾಪನೆ ಕಲ್ಲುಗಳು ದಡದಲ್ಲಿ ಸಾಲಾಗಿ ನಿಂತಿವೆ. ಮೂರರಲ್ಲೂ ಶಾಸಕರು ಅವರೇ, ಬದಲಾಗಿದ್ದು ಮಂತ್ರಿಗಳ ಹೆಸರು. ಮಂತ್ರಿಯೊಬ್ಬರ ಹೆಸರಿನಲ್ಲಿ ದೀರ್ಘ ತಪ್ಪಿದೆ ಎಂದು ಆ ಕಲ್ಲನ್ನು ಒಮ್ಮೆ ಬದಲಾಯಿಸಿದ್ದೂ ಉಂಟು, ಆ ಕೆಲಸ ಒಂದೇ ವಾರದಲ್ಲಿ ಮುಗಿಯಿತು. ಕಲ್ಲುಗಳನ್ನು ಉರುಳಿಸಿ ಹಳ್ಳಕ್ಕೆ ಹಾಕಿದ್ದರೆ ಮಕ್ಕಳು ಇಷ್ಟು ಹೊತ್ತಿಗೆ ದಾಟಿಕೊಂಡು ಶಾಲೆಗೆ ಹೋಗುತ್ತಿದ್ದರು.

ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಅದರಲ್ಲಿ ಕಟ್ಟಿದ ಬಸ್ ತಂಗುದಾಣವಿದೆ. ಸಾಹೇಬರ ಹೆಸರಿನ ಬೋರ್ಡು ಇರುವಷ್ಟು ಅಗಲಕ್ಕೆ ಮಾತ್ರ ನೆರಳು.

ಸರಿ, ಸದನದ ಸಾಧನೆ. ಹಳೆಯ ಕಾರ್ಯಕಲಾಪದ ಸಂಪುಟಗಳನ್ನು ಹುಡುಕಿ ಕೂತೆ. ಚುಕ್ಕೆ ಗುರುತಿನ ಪ್ರಶ್ನೆಯಲ್ಲಿ ಇಲ್ಲ, ಶೂನ್ಯವೇಳೆಯಲ್ಲಿ ಇಲ್ಲ, ಗಮನ ಸೆಳೆಯುವ ಸೂಚನೆಯಲ್ಲಂತೂ ಇಲ್ಲವೇ ಇಲ್ಲ. ಹುಡುಗನಿಗೆ ಹೇಳಿದೆ. ಅವನು ಸಿಟ್ಟಾದ. "ಖರ್ಗೆಯವರು ಸತತ 9 ಸಲ ಗೆದ್ದರು, ಹೊರಟ್ಟಿಯವರು 1980ರಿಂದ ಮೇಲ್ಮನೆಯಲ್ಲಿ 8 ಸಲ. ನಮ್ಮ ಸಾಹೇಬ್ರದ್ದು ಈಗಿನ್ನೂ 6. ಗೆಲುವೇ ಸಾಧನೆ ಅಲ್ವಾ ಸರ್?" ಶಾಂತವೇರಿ ಗೋಪಾಲಗೌಡರು ಗೆದ್ದದ್ದು ಮೂರೇ ಸಲ, ತೀರಿಕೊಂಡದ್ದು 1972ರಲ್ಲಿ, ಅವರ ಸದನದ ಮಾತನ್ನು ಜನ ಇವತ್ತಿಗೂ ಎತ್ತಿ ಆಡುತ್ತಾರೆ ಎಂದೆ. "ಯಾವ ಪಾರ್ಟಿ ಸರ್ ಅವರು?" ಎಂದ.

ಮಧ್ಯಾಹ್ನ ಊಟವಾದ ಮೇಲೆ ಸಾಹೇಬರಿಗೆ ಸದನ ಒಗ್ಗುವುದಿಲ್ಲ. ಇವರೊಬ್ಬರಿಗೇ ಅಲ್ಲ. ಅದಕ್ಕೇ ತಾನೆ 2025ರಲ್ಲಿ ಮೊಗಸಾಲೆಗೆ ರಿಕ್ಲೈನರ್ ಕುರ್ಚಿಗಳನ್ನು ಬಾಡಿಗೆಗೆ ತರಿಸುವ ಯೋಜನೆ ಹೊರಟಿದ್ದು. ಊಟ ಮಾಡಿ ಹೊರಗೆ ಹೋದವರು ವಾಪಸು ಬರುವುದಿಲ್ಲವಂತೆ, ಇಲ್ಲೇ ಒರಗಿದರೆ ಕೋರಂ ಬೆಲ್ಲಿಗಾದರೂ ಎಚ್ಚರವಾಗುತ್ತದಂತೆ. ಒಳ್ಳೆಯ ಯೋಚನೆಯೇ. ಆದರೆ 224 ಜನಕ್ಕೆ 15 ಕುರ್ಚಿ ಎಂದರೆ ಹೇಗೆ? ನಿಗಮ ಮಂಡಳಿ ಹಂಚಿದಂತೆ ಜಿಲ್ಲೆ, ಜಾತಿ, ಹಿರಿತನ ನೋಡಿ ಹಂಚಬೇಕಾಗುತ್ತದೆ. ಕುರ್ಚಿ ಸಿಗದವರು ಅತೃಪ್ತರಾಗುತ್ತಾರೆ. ಅತೃಪ್ತರು ರೆಸಾರ್ಟಿಗೆ ಹೋಗುತ್ತಾರೆ. ರೆಸಾರ್ಟಿನಲ್ಲಿ ಕುರ್ಚಿಗೆ ಕೊರತೆಯಿಲ್ಲ.

ಅದೇ ವರ್ಷ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾ ಕಾರ್ಯಕರ್ತೆಯರು ಮಲಗಿದ್ದರು. ರಿಕ್ಲೈನರ್ ಇರಲಿಲ್ಲ, ನೆಲ ಇತ್ತು. ತಿಂಗಳಿಗೆ 15 ಸಾವಿರ ಗೌರವಧನ ಕೊಡಿ ಎಂದರು. ನಾಲ್ಕು ದಿನದ ಧರಣಿಯ ನಂತರ ಕನಿಷ್ಠ 10 ಸಾವಿರದ ಮಾತು ಸಿಕ್ಕಿತು. ಮಾರ್ಚ್ 21ರಂದು ವಿಧಾನಸಭೆಯಲ್ಲಿ ಕಾಗದ ಹರಿದು ತೂರಿದ ಗಲಾಟೆಯ ನಡುವೆಯೇ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರವಾಯಿತು, ಮಾಜಿಗಳ ಪಿಂಚಣಿ 50ರಿಂದ 75 ಸಾವಿರ. ಚರ್ಚೆ ನಡೆಯಲಿಲ್ಲ. ಧರಣಿ ಬೇಕಾಗಲಿಲ್ಲ. ಒಂದು ರಾತ್ರಿಯೂ ಯಾರೂ ಚಳಿಯಲ್ಲಿ ಮಲಗಲಿಲ್ಲ. 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಿದ ಕಟ್ಟಡದೊಳಗೇ ಇದೆಲ್ಲ ಆಯಿತು. ನನಗೆ ಇದರ ಬಗ್ಗೆ ತಮಾಷೆ ಮಾಡಲು ಬರುತ್ತಿಲ್ಲ, ಕ್ಷಮಿಸಿ. ಆ 10 ಸಾವಿರಕ್ಕಾಗಿ ಬಸುರಿ ಹೆಂಗಸರನ್ನು ರಾತ್ರಿ ಹೊತ್ತು ಆಸ್ಪತ್ರೆಗೆ ಕರೆದೊಯ್ಯುವವರು ಆ ಮಹಿಳೆಯರು. ನಮ್ಮೂರಿನಲ್ಲಿ ಅವರು ಹಳ್ಳ ದಾಟಿಕೊಂಡೇ ಹೋಗಬೇಕು.

ಆವತ್ತಿನ ಗಲಾಟೆಗೆ 18 ಶಾಸಕರನ್ನು ಅಮಾನತು ಮಾಡಿದರು. ಸಾಹೇಬರು ಅದರಲ್ಲೂ ಇರಲಿಲ್ಲ. ಕಾಗದ ತೂರಬೇಕಾದರೂ ಎದ್ದು ನಿಲ್ಲಬೇಕಲ್ಲ.

ಕೊನೆಗೂ ಒಂದು ಕಡೆ ಅವರ ಮಾತು ಸಿಕ್ಕಿತು. "ಸನ್ಮಾನ್ಯ ಸಭಾಧ್ಯಕ್ಷರೇ, ಮೈಕ್ ಕೊಡಿ." ಕೊಟ್ಟಿದ್ದಾರೆ. "ಹಿಂದಿನ ಸದಸ್ಯರು ಹೇಳಿದ್ದನ್ನೇ ನಾನೂ ಹೇಳುತ್ತೇನೆ." ಅಷ್ಟೇ. ಹುಡುಗನಿಗೆ ಓದಿ ಹೇಳಿದೆ.

"ಸೂಪರ್ ಸರ್! ಅದನ್ನೇ ದೊಡ್ಡ ಅಕ್ಷರದಲ್ಲಿ ಮೊದಲ ಪುಟಕ್ಕೆ ಹಾಕಿಸ್ತೀನಿ. ನಾಳೆ ಬೆಳಿಗ್ಗೆ ಟ್ಯಾಂಕರ್ ಕಳಿಸ್ತೀನಿ."

ಆರು ಗಂಟೆಗೆ ಬಂತು. ಟ್ಯಾಂಕರಿನ ಹೊಟ್ಟೆಯ ಮೇಲೂ ಅದೇ ನಲವತ್ತೈದರ ಮುಖ, ಕೈಮುಗಿದುಕೊಂಡು. ಎರಡು ಕೊಡ ಹಿಡಿದು ಸಾಲಿನಲ್ಲಿ ನಿಂತೆ.