ಅಪ್ರಾಕ್ಸಿಮೇಟ್ಲಿ ಒಂದು ವಾರ

ಚಿಕ್ಕಪ್ಪನ ಜಮೀನಿನ ಪೋಡಿಗೆ, ಅಂದರೆ ಅವರ ಪಾಲನ್ನು ಅಳೆದು ಬೇರೆ ನಂಬರು ಮಾಡಿಸೋಕೆ, ಮಂಡ್ಯದ ಕಚೇರಿಯೊಂದರಲ್ಲಿ ಅರ್ಜಿ ಕೊಟ್ಟು, "ಯಾವಾಗ ಆಗುತ್ತೆ ಸಾರ್?" ಎಂದು ಕೇಳಿದೆ. ಗುಮಾಸ್ತರು ತಲೆ ಎತ್ತದೆ, "ಅಪ್ರಾಕ್ಸಿಮೇಟ್ಲಿ ಒಂದು ವಾರ" ಎಂದರು. ಐದು ತಿಂಗಳಾಯಿತು. ಮೊನ್ನೆ ಹೋಗಿ ನೆನಪಿಸಿದರೆ, "ಅಪ್ರಾಕ್ಸಿಮೇಟ್ಲಿ ಅಂದಿದ್ದೆ ಅಲ್ವಾ ಸಾರ್?" ಎಂದರು. ನಿಜ, ಅಂದಿದ್ದರು. "ಒಂದು ವಾರ" ಎಂಬುದನ್ನು ಮಾತ್ರ ಕೇಳಿಸಿಕೊಂಡಿದ್ದು ನನ್ನ ತಪ್ಪು.

ಇದನ್ನು ಹೇಳೋಕೆ ಕನ್ನಡದಲ್ಲಿ ಪದಗಳಿಗೇನು ಬರವೇ? ಅಂದಾಜು, ಹೆಚ್ಚುಕಮ್ಮಿ, ಆಜುಬಾಜು, ಸುಮಾರು. ಅದರಲ್ಲೂ ಈ "ಸುಮಾರು" ಇದೆಯಲ್ಲ, ಬಲು ಚಾಲಾಕಿ. "ಸುಮಾರು ನೂರು ಜನ ಬಂದಿದ್ದರು" ಅಂದರೆ ನೂರರ ಆಸುಪಾಸು. ನೂರು ತೆಗೆದು "ಸುಮಾರು ಜನ ಬಂದಿದ್ದರು" ಅಂದರೆ ಜಾಸ್ತೀನೇ ಬಂದಿದ್ದರು. "ಊಟ ಹೇಗಿತ್ತು?" "ಸುಮಾರು." ಅಂದರೆ ಉಪ್ಪಿಲ್ಲ, ಖಾರವಿಲ್ಲ, ಬೀಗರ ಮನೆಯಾದ್ದರಿಂದ ಬಾಯಿಬಿಟ್ಟು ಹೇಳುವಂತಿಲ್ಲ. ಇನ್ನು ಜೋಡಿ ಲೆಕ್ಕಗಳು. ಐದಾರು ಅಂದರೆ ಒಂದರ ವ್ಯತ್ಯಾಸ. ಹತ್ತಿಪ್ಪತ್ತು ಅಂದರೆ ಒಂದೇ ಏಟಿಗೆ ದುಪ್ಪಟ್ಟು. ಆದರೂ ಯಾರೂ ಮೋಸ ಹೋಗುವುದಿಲ್ಲ. ಹೇಳುವವರ ಮುಖ ನೋಡಿಯೇ ಎಷ್ಟು ಕಳೆಯಬೇಕೆಂದು ನಮಗೆ ಗೊತ್ತು.

ಇಂಗ್ಲಿಷ್ ಪದ ಹಾಗಲ್ಲ, ಕೋಟು ತೊಟ್ಟು ಬರುತ್ತದೆ. "ಗೊತ್ತಿಲ್ಲ" ಎಂದರೆ ಜನ ಜಗಳಕ್ಕೆ ನಿಲ್ಲುತ್ತಾರೆ. "ಅಪ್ರಾಕ್ಸಿಮೇಟ್ಲಿ" ಎಂದರೆ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. (ನಾನೂ ಹೇಳಿದ್ದೆ.) ನಮ್ಮ ಕಡೆ ಇದಕ್ಕೂ ಮೀರಿದ ಪ್ರಯೋಗವಿದೆ: "ಅಪ್ರಾಕ್ಸಿಮೇಟಾಗಿ, ಕರೆಕ್ಟಾಗಿ ಎಷ್ಟಾಯ್ತದೆ ಹೇಳಿ ಸಾ!"

ಲೆಕ್ಕ ಬಾರದ ಊರೇನೂ ಅಲ್ಲ ನಮ್ಮದು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಕೊನೆಯ ಸೊನ್ನೆಯನ್ನೂ ಬಿಡುವುದಿಲ್ಲ. ಮಳೆಗಾಲದಲ್ಲಿ ಬೆಳಗಿನ ಟೀ ಅಂಗಡಿಯಲ್ಲಿ ಡ್ಯಾಂ ಮಟ್ಟವನ್ನು ಪಾಯಿಂಟ್ ಸಮೇತ ಹೇಳದವನನ್ನು ಯಾವೂರಪ್ಪ ನಿಂದು ಅನ್ನುತ್ತಾರೆ. ಅದೇ ನೀರು ನಾಲೆಯ ಕೊನೆಯಲ್ಲಿರುವ ಚಿಕ್ಕಪ್ಪನ ಗದ್ದೆಗೆ ಯಾವಾಗ ಬರುತ್ತದೆ? ಅಪ್ರಾಕ್ಸಿಮೇಟ್ಲಿ, ಸರದಿಯಂತೆ ಬಿಡುವ ಈ ಕಟ್ಟು ನೀರಿನಲ್ಲಿ. ಇಲ್ಲವೇ ಮುಂದಿನ ಕಟ್ಟಿನಲ್ಲಿ.

ಅಂದಾಜು ಕೂಡ ನಾಲೆಯ ನೀರಿನಂತೆಯೇ, ಮೇಲಿಂದ ಕೆಳಕ್ಕಷ್ಟೇ ಹರಿಯುತ್ತದೆ. ಚಿಕ್ಕಪ್ಪನ ಹೆಸರಿಗೆ ಆಧಾರ್‌ನಲ್ಲಿ ಒಂದು ದೀರ್ಘವಿದೆ, ಪಹಣಿಯಲ್ಲಿ ಇಲ್ಲ. ಅಷ್ಟಕ್ಕೇ ಅರ್ಜಿ ಎರಡು ಸಲ ವಾಪಸ್ ಬಂತು. "ಅಪ್ರಾಕ್ಸಿಮೇಟ್ಲಿ ಅವರೇ ಇವರು ಸಾರ್" ಎಂದು ಹೇಳಿ ನೋಡಿದೆ. ಗುಮಾಸ್ತರು ನಗಲಿಲ್ಲ.

ಸಂಜೆ ಜಗಲಿಯ ಮೇಲೆ ಕೂತಿದ್ದ ಚಿಕ್ಕಪ್ಪ ಕೇಳಿದರು, "ಅದೇನ್ಲಾ ಅದು, ಅಪ್ರಾಕ್ಸಿ ಅಂದ್ರೆ?"

"ಲ್ಯಾಟಿನ್‌ನಿಂದ ಬಂದಿದ್ದು ಚಿಕ್ಕಪ್ಪ. ಪ್ರಾಕ್ಸಿಮಸ್ ಅಂದ್ರೆ ತೀರಾ ಹತ್ರ ಅಂತ. ನಾವು ಹತ್ರತ್ರ ಒಂದು ವಾರ ಅನ್ನಲ್ವಾ, ಹಂಗೆ."

ಚಿಕ್ಕಪ್ಪ ಬೀಡಿಯ ಬೂದಿ ಕೊಡವಿದರು.

"ಈಗ ಗೊತ್ತಾಯ್ತು ಬುಡು. ಪಕ್ಕದ ಗದ್ದೆಯೋನ ಪೋಡಿ ನಾಕೇ ದಿನಕ್ಕೆ ಆಯ್ತಲ್ಲ, ಅವ್ನು ಸಾಹೇಬ್ರಿಗೆ ತೀರಾ ಹತ್ರ ಕಣ್ಲಾ."